ಎಕ್ಸ್‌ರೇ ಚೀಲಕ್ಕೆ ಸರಪಳಿ ಬೀಗ: ಕೀಲಿ ಯಾರ ಜೇಬಿನಲ್ಲಿ?

ಬೆಳಗ್ಗೆ ಆರೂವರೆಯ ಬೆಂಗಳೂರು ಬಸ್ಸು ಹತ್ತಿ ನೋಡಿ. ಕಿಟಕಿ ಪಕ್ಕದಲ್ಲಿ ಒಬ್ಬ ವಯಸ್ಸಾದವರು, ಪಕ್ಕದಲ್ಲಿ ಮಗಳೋ ಸೊಸೆಯೋ. ಆಕೆಯ ತೊಡೆಯ ಮೇಲೆ ಜವಳಿ ಅಂಗಡಿಯ ಹೆಸರಿರುವ ದೊಡ್ಡ ಪ್ಲಾಸ್ಟಿಕ್ ಚೀಲ. ಒಳಗೆ ಎಕ್ಸ್‌ರೇ, ಇಸಿಜಿ, ಮೂರು ಲ್ಯಾಬಿನ ರಕ್ತದ ರಿಪೋರ್ಟು, ಮಡಿಕೆಯಲ್ಲಿ ಹರಿದ ಓಪಿಡಿ ಚೀಟಿ, ಡಿಸ್‌ಚಾರ್ಜ್ ಸಮ್ಮರಿಯ ಜೆರಾಕ್ಸು. ಊಟದ ಡಬ್ಬಿಯನ್ನಾದರೂ ಮೇಲಿನ ಕ್ಯಾರಿಯರ್‌ಗೆ ಹಾಕಿಯಾರು, ಈ ಚೀಲವನ್ನು ಹಾಕೋದಿಲ್ಲ. ಮುದುಕರ ಹತ್ತು ವರ್ಷದ ಕಾಯಿಲೆ ಅದರಲ್ಲಿದೆ. ಇಳಿಯುವಾಗ ಮರೆತರೆ ಮತ್ತೆ ರಕ್ತ, ಮತ್ತೆ ಸ್ಕ್ಯಾನು, ಮತ್ತೆ ದುಡ್ಡು.

ಜಿಲ್ಲೆಯಿಂದ ದೊಡ್ಡಾಸ್ಪತ್ರೆಗೆ ಹೊರಡುವ ಯಾವ ಬಸ್ಸಿನಲ್ಲೂ ಇಂಥ ಚೀಲ ಒಂದಾದರೂ ಇರುತ್ತದೆ. ಈಗ ಕಂಪ್ಯೂಟರಿನ ಪಂಡಿತರು ಹೇಳುತ್ತಿದ್ದಾರೆ: ಈ ಚೀಲ ಹೋಗುತ್ತೆ, ಅದರ ಜಾಗಕ್ಕೆ ಬ್ಲಾಕ್‌ಚೈನ್ ಬರುತ್ತೆ. ರೋಗಿಯ ದಾಖಲೆ ಕಳೆಯೋಕೂ ಆಗಲ್ಲ, ತಿದ್ದೋಕೂ ಆಗಲ್ಲ, ಕದಿಯೋಕೂ ಆಗಲ್ಲ!

ಈ ಮೂರು ಮಾತಿನಲ್ಲಿ ಒಂದು ಪೂರ್ತಿ ನಿಜ, ಒಂದು ಅರ್ಧ ನಿಜ, ಇನ್ನೊಂದು ಸುಳ್ಳು. ಯಾವುದು ಯಾವುದು ಅಂತ ನೋಡುವ ಮೊದಲು, ಬ್ಲಾಕ್‌ಚೈನ್ ಅಂದ ಕೂಡಲೇ ಪೇಟೆ ಬೀದಿಯವರು ಮುಖ ಸಿಂಡರಿಸಿಕೊಳ್ಳುವ ವಿಚಾರ. 'ಅದೇ ಬಿಟ್‌ಕಾಯಿನ್ ಅಲ್ವಾ? ದುಡ್ಡು ಮುಳುಗಿಸೋ ವ್ಯವಹಾರ' ಅಂತಾರೆ. ಅವರ ಅನುಮಾನ ಅವರಿಗಿರಲಿ. ಬಿಟ್‌ಕಾಯಿನ್ ಅನ್ನೋದು ಆ ಯಂತ್ರದಲ್ಲಿ ಬೀಸಿದ ಒಂದು ಹಿಟ್ಟು ಮಾತ್ರ. ಅದೇ ಯಂತ್ರದಲ್ಲಿ ಬೇರೆ ಧಾನ್ಯವನ್ನೂ ಹಾಕಬಹುದು.

ಕಂಡಕ್ಟರ್ ಬಲ್ಲ ಗುಟ್ಟು

ಟಿಕೆಟ್ ಯಂತ್ರ ಬರುವುದಕ್ಕೆ ಮುಂಚಿನ ಕಾಲ ಜ್ಞಾಪಿಸಿಕೊಳ್ಳಿ. ಕಂಡಕ್ಟರ್ ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಪುಸ್ತಕ. ಒಂದೊಂದು ಟಿಕೆಟ್ಟಿಗೂ ಕ್ರಮಸಂಖ್ಯೆ. ಸ್ಟೇಜು ಬಂದಾಗ ಯಾವ ನಂಬರಿಗೆ ನಿಂತಿದೆ ಅಂತ ವೇಬಿಲ್ಲಿನಲ್ಲಿ ಬರೆಯಲೇಬೇಕು. ಈ ಸ್ಟೇಜಿನಲ್ಲಿ ನಿಂತ ನಂಬರಿನಿಂದಲೇ ಮುಂದಿನ ಸ್ಟೇಜಿನ ಲೆಕ್ಕ ಶುರು. ನಡುವೆ ಒಂದು ಟಿಕೆಟ್ ಮಾಯವಾದರೆ ಆಮೇಲಿನ ಲೆಕ್ಕವೆಲ್ಲ ಅಲ್ಲಾಡುತ್ತೆ. ಚೆಕಿಂಗ್‌ನವರು ಹತ್ತಿದರೆ ಮುಗೀತು ಕಥೆ.

ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲೆಕ್ಕದ ಪುಸ್ತಕದ ಪ್ರತಿ ಪುಟದ ನೆತ್ತಿಯಲ್ಲಿ 'ಹಿಂದಿನ ಪುಟದಿಂದ ತಂದದ್ದು' ಅಂತ ಒಂದು ಮೊತ್ತ ಇರುತ್ತದೆ. ಯಾರಾದರೂ ನಲವತ್ತನೇ ಪುಟದಲ್ಲಿ ಗುಟ್ಟಾಗಿ ಒಂದು ಸೊನ್ನೆ ಸೇರಿಸಿದರೆ ನಲವತ್ತೊಂದು, ನಲವತ್ತೆರಡು, ಕೊನೆಯ ಪುಟದ ತನಕ ತಿದ್ದಬೇಕು. ಬ್ಲಾಕ್‌ಚೈನ್ ಅಂದರೆ ಇದೇ. ಬ್ಲಾಕ್ ಅಂದರೆ ಪುಟ, ಚೈನ್ ಅಂದರೆ 'ಹಿಂದಿನ ಪುಟದಿಂದ ತಂದದ್ದು'.

ವ್ಯತ್ಯಾಸ ಎರಡಿದೆ. ಕಂಪ್ಯೂಟರ್ ಇಲ್ಲಿ ಮೊತ್ತ ಒಯ್ಯುವುದಿಲ್ಲ, ಹೆಬ್ಬೆಟ್ಟು ಒಯ್ಯುತ್ತದೆ. ಯಾವುದೇ ಕಾಗದವನ್ನು ಒಂದು ಗಣಿತಕ್ಕೆ ಹಾಕಿದರೆ ಅಂಕಿ ಅಕ್ಷರ ಬೆರೆತ ಒಂದು ಉದ್ದನೆಯ ಗುರುತು ಬರುತ್ತದೆ. ಇದಕ್ಕೆ ಹ್ಯಾಶ್ ಅಂತ ಹೆಸರು. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಇದರ ಉದ್ದ 64 ಅಕ್ಷರ. ರಕ್ತದ ರಿಪೋರ್ಟಿನಲ್ಲಿ ಸಕ್ಕರೆ 110 ಇದ್ದದ್ದನ್ನು 210 ಮಾಡಿದರೆ, ಅಥವಾ ಒಂದು ಚುಕ್ಕಿ ಅಳಿಸಿದರೂ ಸರಿ, ಗುರುತು ಪೂರ್ತಿ ಬೇರೆಯಾಗುತ್ತೆ. ಆದರೆ ಗುರುತನ್ನು ನೋಡಿ ರಿಪೋರ್ಟಿನಲ್ಲಿ ಏನಿತ್ತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಎರಡನೆಯದು, ಈ ಪುಸ್ತಕ ಒಬ್ಬನ ಗಲ್ಲಾಪೆಟ್ಟಿಗೆಯಲ್ಲಿ ಇರೋದಿಲ್ಲ. ಚೀಟಿ ವ್ಯವಹಾರದಲ್ಲಿ ಇಪ್ಪತ್ತು ಜನ ಮೆಂಬರೂ ತಂತಮ್ಮ ಪುಸ್ತಕದಲ್ಲಿ ಬರೆದುಕೊಂಡ ಹಾಗೆ ಹಲವರ ಹತ್ತಿರ ನಕಲು ಇರುತ್ತದೆ. ಚೀಟಿ ನಡೆಸುವವನು ತನ್ನ ಪುಸ್ತಕ ಒಂದನ್ನೇ ತಿದ್ದಿ ಏನು ಮಾಡಿಯಾನು?

ಮೊದಲ ಸರಪಳಿ ಪೇಪರಿನಲ್ಲಿ

ಇದನ್ನು ಬಿಟ್‌ಕಾಯಿನ್‌ನವರು ಕಂಡುಹಿಡಿದರು ಅಂತ ಎಲ್ಲರ ನಂಬಿಕೆ. ತಪ್ಪು. 1991ರಲ್ಲಿ ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು, ಟೆಲಿಫೋನ್ ಕಂಪನಿಗಳ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಇದ್ದವರು, ಕಂಪ್ಯೂಟರ್ ದಾಖಲೆಗೆ ತಾರೀಖಿನ ಮೊಹರು ಒತ್ತೋದು ಹೇಗೆ ಅಂತ ಬರೆದರು. ಹಿಂದಿನ ತಾರೀಖು ಹಾಕಿ ಮೋಸ ಮಾಡೋಕೆ ಆಗಬಾರದು, ಅದು ಅವರ ಪ್ರಶ್ನೆ. ಉತ್ತರ, ಹೆಬ್ಬೆಟ್ಟುಗಳ ಸರಪಳಿ.

ಸರಿ, ಸರಪಳಿಯ ಕೊನೆಯ ಕೊಂಡಿಯನ್ನು ಎಲ್ಲಿ ಕಟ್ಟೋದು? ಕಂಪನಿಯ ಕಂಪ್ಯೂಟರಿನಲ್ಲೇ ಇಟ್ಟರೆ ಕಂಪನಿಯವರೇ ತಿದ್ದಬಹುದಲ್ಲ! ಅದಕ್ಕೆ ಅವರ ಕಂಪನಿ 1995ರಿಂದ ಒಂದು ಉಪಾಯ ಮಾಡಿತು. ವಾರಕ್ಕೊಮ್ಮೆ ಆ ಉದ್ದನೆಯ ಗುರುತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಳೆದುಹೋದ ವಸ್ತುಗಳ ಜಾಹೀರಾತಿನ ಪಕ್ಕ ಚಿಕ್ಕದಾಗಿ ಅಚ್ಚು ಹಾಕಿಸುತ್ತಾ ಬಂತು. ಲಕ್ಷಗಟ್ಟಲೆ ಪ್ರತಿ ಊರೂರಿಗೆ ಹೋಗುತ್ತೆ, ಲೈಬ್ರರಿಯಲ್ಲಿ ಕೂರುತ್ತೆ, ಕಡಲೆಕಾಯಿ ಪೊಟ್ಟಣವೂ ಆಗುತ್ತೆ. ಅಷ್ಟನ್ನೂ ಯಾರು ತಿದ್ದಿಯಾರು? ಪೇಪರ್ ಸತ್ತುಹೋಯಿತು ಅನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು. 2008ರಲ್ಲಿ ಸತೋಶಿ ನಕಮೋಟೊ ಅನ್ನುವ ಗುಪ್ತ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಬರಹ ಆಧಾರ ಅಂತ ಎಂಟು ಬರಹಗಳನ್ನು ಹೆಸರಿಸಿದೆ. ಅದರಲ್ಲಿ ಮೂರು ಈ ಜೋಡಿಯ ಕೈ ಇರುವಂಥವು.

ಕೊಪ್ಪಳದಷ್ಟು ಜನ ಇರುವ ದೇಶ

ಆಸ್ಪತ್ರೆಗೆ ಇದನ್ನು ತಂದವರು ಯಾರು? ಅಮೆರಿಕ ಅಲ್ಲ, ಇಂಗ್ಲೆಂಡ್ ಅಲ್ಲ. ಎಸ್ಟೋನಿಯಾ. ರಷ್ಯಾದ ಮಗ್ಗುಲಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಇರುವ ಪುಟ್ಟ ದೇಶ. ಜನಸಂಖ್ಯೆ ಹದಿಮೂರು ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಲೆಕ್ಕವೂ ಹೆಚ್ಚೂಕಡಿಮೆ ಅಷ್ಟೇ ಇತ್ತು.

1991ರಲ್ಲಿ ಸೋವಿಯತ್ ಕೈಯಿಂದ ಬಿಡಿಸಿಕೊಂಡ ಮೇಲೆ ಅವರು ಸರ್ಕಾರವನ್ನೇ ಕಂಪ್ಯೂಟರಿಗೆ ಹಾಕಿದರು. 2002ರಿಂದ ಜನರ ಕೈಗೆ ಚಿಪ್ ಇರುವ ಗುರುತಿನ ಚೀಟಿ. 2007ರಲ್ಲಿ ಬಂತು ಹೊಡೆತ. ರಾಜಧಾನಿ ತಾಲಿನ್‌ನಲ್ಲಿ ಸೋವಿಯತ್ ಕಾಲದ ಒಂದು ಸೈನಿಕನ ಪ್ರತಿಮೆಯನ್ನು ಜಾಗ ಬದಲಿಸಿದ್ದೇ ತಡ, ಬ್ಯಾಂಕು, ಪತ್ರಿಕೆ, ಸರ್ಕಾರಿ ಇಲಾಖೆಗಳ ಕಂಪ್ಯೂಟರುಗಳ ಮೇಲೆ ವಾರಗಟ್ಟಲೆ ದಾಳಿ. ಆಗ ಅಲ್ಲಿಯವರಿಗೆ ಹುಟ್ಟಿದ ಭಯ ಕಳ್ಳತನದ್ದು ಮಾತ್ರ ಅಲ್ಲ. ಕಳ್ಳ ಬಂದು ಕದ್ದರೆ ಗೊತ್ತಾಗುತ್ತೆ. ಬಂದು ಏನೂ ಕದಿಯದೆ, ಒಬ್ಬರ ರಕ್ತದ ಗುಂಪನ್ನು ಎ ಇದ್ದದ್ದು ಬಿ ಮಾಡಿ ಸದ್ದಿಲ್ಲದೆ ಹೋದರೆ?

2008ರ ಕೊನೆಗೆ ದೇಶಕ್ಕೆಲ್ಲ ಒಂದೇ ಆರೋಗ್ಯ ದಾಖಲೆಯ ವ್ಯವಸ್ಥೆ ಶುರುವಾಯಿತು. 2010ರಲ್ಲಿ ಔಷಧದ ಚೀಟಿಯೂ ಕಂಪ್ಯೂಟರಿಗೆ ಹೋಯಿತು. ಡಾಕ್ಟರ್ ಬರೆದದ್ದು ನೇರ ಹೋಗಿ ಕೂರುತ್ತೆ, ರೋಗಿ ಯಾವ ಮೆಡಿಕಲ್ ಸ್ಟೋರಿಗೆ ಹೋಗಿ ಕಾರ್ಡು ತೋರಿಸಿದರೂ ಮಾತ್ರೆ ಸಿಗುತ್ತೆ. ಡಾಕ್ಟರ ಕೈಬರಹ ಓದಲಾರದೆ ಒದ್ದಾಡುವ ನಮ್ಮ ಮೆಡಿಕಲ್ ಸ್ಟೋರಿನ ಹುಡುಗರಿಗೆ ಇದು ಸ್ವರ್ಗ.

2016ರಲ್ಲಿ ಅಲ್ಲಿನ ಆರೋಗ್ಯ ದಾಖಲೆಯ ಸಂಸ್ಥೆ ಗಾರ್ಡ್‌ಟೈಮ್ ಅನ್ನುವ ಕಂಪನಿಯ ಜೊತೆ ಕೈಜೋಡಿಸಿ, ಹತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗೆ ಈ ಸರಪಳಿ ಹಾಕಲು ಹೊರಟಿತು. ಆ ಸರಪಳಿಯ ಗಣಿತ ಹೊಸೆದವರು ಅಲ್ಲಿಯವರೇ ಆದ ಆಹ್ಟೊ ಬುಲ್ಡಾಸ್ ಮತ್ತು ಮಾರ್ಟ್ ಸಾರೆಪೆರಾ. ಈ ಕಂಪನಿಯವರೂ ಹಳೆಯ ಉಪಾಯ ಬಿಟ್ಟಿರಲಿಲ್ಲ. ತಮ್ಮ ಸರಪಳಿಯ ಗುರುತನ್ನು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಮಾರಾಟಕ್ಕೆ ಬರುವವರು ಹೇಳೋದಿಲ್ಲ. ಎಸ್ಟೋನಿಯಾದಲ್ಲಿ ರೋಗಿಯ ರಿಪೋರ್ಟು ಬ್ಲಾಕ್‌ಚೈನಿನ ಒಳಗೆ ಇಲ್ಲವೇ ಇಲ್ಲ! ರಿಪೋರ್ಟು ಮಾಮೂಲಿ ಕಂಪ್ಯೂಟರಿನಲ್ಲೇ ಇದೆ. ಸರಪಳಿಯಲ್ಲಿ ಇರೋದು ಹೆಬ್ಬೆಟ್ಟು ಮಾತ್ರ. ಯಾರಾದರೂ ರಿಪೋರ್ಟು ಮುಟ್ಟಿದರೆ ಹೆಬ್ಬೆಟ್ಟು ತಾಳೆಯಾಗೋದಿಲ್ಲ, ಅಷ್ಟೇ. ಇದನ್ನು ಬ್ಲಾಕ್‌ಚೈನ್ ಅಂತ ಕರೆಯೋದೇ ತಪ್ಪು ಅನ್ನುವ ಪಂಡಿತರೂ ಇದ್ದಾರೆ. ಹೆಸರಿನ ಜಗಳ ಪಂಡಿತರಿಗೆ ಇರಲಿ. ಕೆಲಸ ಆಗುತ್ತಾ ಅನ್ನೋದು ಮುಖ್ಯ.

ಯಾರು ನೋಡಿದರು?

ಎಸ್ಟೋನಿಯಾದ ರೋಗಿಗೆ ಸಿಕ್ಕಿರುವ ನಿಜವಾದ ಅಸ್ತ್ರ ಬೇರೆ ಇದೆ. ತನ್ನ ಕಾರ್ಡು ಹಾಕಿ ಕಂಪ್ಯೂಟರ್ ತೆರೆದರೆ, ತನ್ನ ದಾಖಲೆಯನ್ನು ಯಾವ ಡಾಕ್ಟರು, ಯಾವ ನರ್ಸು, ಯಾವ ದಿನ ತೆಗೆದು ನೋಡಿದರು ಅನ್ನುವ ಪಟ್ಟಿ ಕಾಣುತ್ತೆ. ಚಿಕಿತ್ಸೆಗೆ ಸಂಬಂಧವಿಲ್ಲದವರು ಇಣುಕಿದ್ದರೆ ದೂರು ಕೊಡಬಹುದು, ಇಣುಕಿದವರಿಗೆ ಶಿಕ್ಷೆ ಉಂಟು. ಬೇಡ ಅನಿಸಿದ ದಾಖಲೆಯನ್ನು ಬೇರೆಯವರಿಗೆ ಕಾಣದಂತೆ ಮುಚ್ಚುವ ಹಕ್ಕೂ ಉಂಟು.

ನಮ್ಮಲ್ಲಿ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಹುಡುಗಿಗೆ ಒಮ್ಮೆ ಮೂರ್ಛೆ ಬಂದು ತಲೆಯ ಸ್ಕ್ಯಾನ್ ಆಯಿತು ಅನ್ನಿ. ಬೆಳಗ್ಗೆ ಲ್ಯಾಬಿನಿಂದ ಹೊರಟ ಪಿಸುಮಾತು ಸಂಜೆಯೊಳಗೆ ಬೀದಿ ತಲುಪಿರುತ್ತೆ. ಮುಂದಿನ ವಾರ ಗಂಡಿನ ಕಡೆಯವರು 'ಜಾತಕ ಕೂಡಿ ಬರಲಿಲ್ಲ' ಅಂತ ಹೇಳಿ ಕಳಿಸುತ್ತಾರೆ. ಯಾರು ಹೇಳಿದರು? ಕಾಂಪೌಂಡರೇ? ಟೈಪ್ ಮಾಡಿದವರೇ? ಬೆಂಚಿನಲ್ಲಿ ಕೂತಿದ್ದ ಪರಿಚಯದವರೇ? ಕೊನೆಗೂ ತಿಳಿಯೋದಿಲ್ಲ. ಕ್ಷಯದ ರೋಗಿ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರು, ಗರ್ಭ ಇಳಿಸಿಕೊಂಡ ಹೆಣ್ಣುಮಕ್ಕಳು, ಇವರ ಪಾಡು ಇನ್ನೂ ಕಷ್ಟ. ತಪಾಸಣೆಗೆ ಹೆದರಿ ಪಕ್ಕದ ಜಿಲ್ಲೆಗೆ ಬಸ್ಸು ಹತ್ತುವವರು ಇರೋದು ಇದಕ್ಕೇ.

ಇನ್ನೊಂದು ಕಡೆಯೂ ಇದೆ. ಆಪರೇಷನ್ ಟೇಬಲ್ ಮೇಲೆ ಅನಾಹುತ ಆಯಿತು, ಮನೆಯವರು ಕೇಸ್ ಶೀಟ್ ಕೇಳಿದರು. 'ನಾಳೆ ಬನ್ನಿ', 'ರೆಕಾರ್ಡ್ ರೂಮಿನವರು ರಜೆ', 'ದೊಡ್ಡ ಡಾಕ್ಟರ ಸಹಿ ಆಗಬೇಕು'. ಹದಿನೈದು ದಿನ ಕಳೆದು ಕೈಗೆ ಬಂದ ಕೇಸ್ ಶೀಟಿನಲ್ಲಿ ಶಾಯಿ ಬೇರೆ, ಅಕ್ಷರ ಬೇರೆ, ಟೈಮಿನ ಮೇಲೆ ತಿದ್ದುಪಡಿ. ಗ್ರಾಹಕರ ಕೋರ್ಟಿನಲ್ಲಿ ಈ ಗುಮಾನಿಯನ್ನು ಸಾಬೀತು ಮಾಡೋದು ಹೇಗೆ? ಸರಪಳಿಯ ಕೆಲಸ ಸರಿಯಾಗಿ ಇಲ್ಲೇ. ರಾತ್ರಿ 11-40ಕ್ಕೆ ಬರೆದದ್ದನ್ನು 9 ಗಂಟೆಗೆ ಬರೆದೆ ಅಂತ ಹೇಳೋಕೆ ಆಗಲ್ಲ. ಆಮೇಲೆ ತಿದ್ದಿದರೆ ತಿದ್ದಿದ್ದೂ ದಾಖಲಾಗುತ್ತೆ. ಇದರಿಂದ ಪ್ರಾಮಾಣಿಕ ಡಾಕ್ಟರಿಗೂ ಲಾಭ. 'ಆಮೇಲೆ ಸೇರಿಸಿದಿರಿ' ಅಂತ ಅವರ ಮೇಲೂ ಯಾರೂ ಸುಳ್ಳು ಆಪಾದನೆ ಹೊರಿಸೋಕೆ ಆಗಲ್ಲ. ತಿದ್ದಿದರೆ ಸಿಕ್ಕಿಬೀಳುತ್ತಾರೆ ಅನ್ನುವ ಮಾತು ಪೂರ್ತಿ ನಿಜ, ಒಪ್ಪೋಣ.

ದೆಹಲಿಯಲ್ಲಿ ಆದದ್ದು

ಕಳೆಯೋಕೆ ಆಗಲ್ಲ ಅನ್ನೋದು ಅರ್ಧ ನಿಜ. 2022ರ ನವೆಂಬರ್ 23ರ ಬೆಳಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳು ನಿಂತುಹೋದವು. ಹೊರಗಿನವರು ನುಗ್ಗಿ ದಾಖಲೆಗಳಿಗೆ ತಮ್ಮದೇ ಬೀಗ ಜಡಿದಿದ್ದರು. ಐದು ಸರ್ವರ್‌ಗಳಿಗೆ ಪೆಟ್ಟು ಬಿತ್ತು, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು ಅಂತ ಸರ್ಕಾರ ಪಾರ್ಲಿಮೆಂಟಿಗೆ ತಿಳಿಸಿತು. ಅಂಥ ದೊಡ್ಡ ಆಸ್ಪತ್ರೆಯಲ್ಲಿ ಎರಡು ವಾರದಷ್ಟು ಕಾಲ ಪೆನ್ನು ಕಾಗದದ ಕಾರುಬಾರು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದವರ ಕ್ಯೂ ಹೇಗಿದ್ದಿರಬೇಕು, ಊಹಿಸಿಕೊಳ್ಳಿ.

ಎಸ್ಟೋನಿಯಾ ಮಾದರಿಯ ಸರಪಳಿ ಅಲ್ಲಿ ಇದ್ದಿದ್ದರೆ? ದಾಖಲೆ ವಾಪಸ್ ಬಂದ ಮೇಲೆ 'ಇದರಲ್ಲಿ ಏನೂ ಬದಲಾಗಿಲ್ಲ' ಅಂತ ಖಾತ್ರಿ ಮಾಡಿಕೊಳ್ಳಬಹುದಿತ್ತು. ದಾಖಲೆಯನ್ನು ವಾಪಸ್ ತರುವ ಶಕ್ತಿ ಅದಕ್ಕಿಲ್ಲ. ಹೆಬ್ಬೆಟ್ಟಿನ ಗುರುತಿನಿಂದ ಕಳೆದುಹೋದ ಮನುಷ್ಯನನ್ನು ಮತ್ತೆ ಹುಟ್ಟಿಸಲು ಆದೀತೇ? ಅದಕ್ಕೆ ಬೇಕಾಗಿರೋದು ಬೇರೆ ಕಡೆ ಭದ್ರವಾಗಿ ಇಟ್ಟ ಇನ್ನೊಂದು ನಕಲು. ಅದು ಬ್ಲಾಕ್‌ಚೈನ್ ಹುಟ್ಟುವುದಕ್ಕೆ ಮುಂಚಿನಿಂದ ಎಲ್ಲರಿಗೂ ಗೊತ್ತಿದ್ದ ಬುದ್ಧಿ.

ಕದಿಯೋಕೆ ಆಗಲ್ಲ ಅನ್ನೋದು ಸುಳ್ಳು. ಎಸ್ಟೋನಿಯಾದಿಂದ ಸಮುದ್ರ ದಾಟಿದರೆ ಫಿನ್‌ಲೆಂಡ್. ಅಲ್ಲಿ ವಾಸ್ತಾಮೊ ಅನ್ನುವ ಮಾನಸಿಕ ಚಿಕಿತ್ಸಾ ಕೇಂದ್ರದ ಕಡತಗಳು ಕಳ್ಳನ ಪಾಲಾಗಿದ್ದು 2020ರಲ್ಲಿ ಬಯಲಾಯಿತು. ಸಾವಿರಾರು ರೋಗಿಗಳಿಗೆ 'ದುಡ್ಡು ಕೊಡಿ, ಇಲ್ಲದಿದ್ದರೆ ನೀವು ಡಾಕ್ಟರ ಹತ್ತಿರ ಹೇಳಿಕೊಂಡ ಗುಟ್ಟು ಹೊರಗೆ ಹಾಕ್ತೀವಿ' ಅಂತ ಬೆದರಿಕೆ ಹೋಯಿತು. 2024ರಲ್ಲಿ ಆರೋಪಿಗೆ ಆರು ವರ್ಷಕ್ಕೂ ಮಿಕ್ಕಿದ ಸಜೆ ಆಯಿತು, ಆದರೆ ಹೊರಬಿದ್ದ ಗುಟ್ಟು ಒಳಗೆ ಹೋಗಲಿಲ್ಲ. ಹೆಬ್ಬೆಟ್ಟಿನ ಸರಪಳಿ ಇದ್ದಿದ್ದರೂ ಈ ಕಳ್ಳತನ ತಪ್ಪುತ್ತಿರಲಿಲ್ಲ. ತಿದ್ದದೆ, ಸುಮ್ಮನೆ ನಕಲು ಮಾಡಿಕೊಂಡು ಹೋದವನ ಮುಂದೆ ಸರಪಳಿ ಏನು ಮಾಡೀತು?

ಎಸ್ಟೋನಿಯಾಕ್ಕೂ ಮುಖಭಂಗ ಆಗಿದೆ. 2017ರಲ್ಲಿ ಅವರ ಗುರುತಿನ ಚೀಟಿಯ ಚಿಪ್ಪಿನಲ್ಲೇ ದೋಷ ಅಂತ ಗೊತ್ತಾಗಿ ಏಳೂವರೆ ಲಕ್ಷದಷ್ಟು ಕಾರ್ಡುಗಳ ಕೆಲಸ ನಿಲ್ಲಿಸಿ ಸರಿಪಡಿಸಬೇಕಾಯಿತು. ಬೀಗ ಗಟ್ಟಿ, ಜೇಬಿನಲ್ಲಿದ್ದ ಕೀಲಿಯೇ ಸವೆದಿತ್ತು. ಅವರು ಮುಚ್ಚಿಡಲಿಲ್ಲ, ಜನರಿಗೆ ಹೇಳಿದರು. ಇದು ಯಂತ್ರದ ಗುಣ ಅಲ್ಲ, ಸರ್ಕಾರದ್ದು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಸರಪಳಿ ಕಾಯೋದು ಬರೆದದ್ದನ್ನು, ಸತ್ಯವನ್ನಲ್ಲ. ಸುಸ್ತಾದ ನರ್ಸಮ್ಮ ರಾತ್ರಿ ಪಾಳಿಯಲ್ಲಿ ಎಡಗಾಲನ್ನು ಬಲಗಾಲು ಅಂತ ಬರೆದರೆ, ಬಲಗಾಲೇ ಶಾಶ್ವತ. ಕೆಳಗೆ ತಿದ್ದುಪಡಿ ಸೇರಿಸಬಹುದು, ಮೇಲಿನದು ಹಾಗೇ ಉಳಿಯುತ್ತೆ. ಪೂರ್ತಿ ರಿಪೋರ್ಟನ್ನೇ ಸರಪಳಿಯೊಳಗೆ ತುರುಕಿದರಂತೂ ಅಳಿಸೋಕೆ ದಾರಿಯೇ ಇಲ್ಲ. ನಮ್ಮ ದೇಶದಲ್ಲೂ 2023ರಲ್ಲಿ ಬಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ತನ್ನ ಮಾಹಿತಿಯನ್ನು ಅಳಿಸಿ ಅಂತ ಕೇಳುವ ಹಕ್ಕಿನ ಮಾತಾಡುತ್ತದೆ. ಅಳಿಸಲಾರದ ಪುಸ್ತಕ ಒಂದು ಕಡೆ, ಅಳಿಸಿ ಅನ್ನುವ ಕಾನೂನು ಇನ್ನೊಂದು ಕಡೆ. ಎಸ್ಟೋನಿಯಾದವರು ರಿಪೋರ್ಟು ಹೊರಗಿಟ್ಟು ಹೆಬ್ಬೆಟ್ಟು ಮಾತ್ರ ಒಳಗಿಟ್ಟದ್ದರ ಜಾಣತನ ಇಲ್ಲಿ ಗೊತ್ತಾಗುತ್ತೆ.

ನಮ್ಮ ಕ್ಯೂನಲ್ಲಿ ಏನು ನಡೀತಿದೆ

ಹಾಗಾದರೆ ನಮ್ಮ ಆಸ್ಪತ್ರೆಗಳ ಓಪಿಡಿ ಕೌಂಟರಿನಲ್ಲಿ ಮೊಬೈಲು ತೋರಿಸಿ ಟೋಕನ್ ತಗೊಳ್ಳೋದು, ಅದು ಬ್ಲಾಕ್‌ಚೈನಾ? ಅಲ್ಲ. ಅದು ಆಭಾ. 2020ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಲ್ಲಿ ಘೋಷಿಸಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಚಾಲನೆ ಕೊಟ್ಟ ಯೋಜನೆಯ 14 ಅಂಕಿಯ ನಂಬರು. ಇದರಲ್ಲಿ ರಿಪೋರ್ಟುಗಳೆಲ್ಲ ದೆಹಲಿಗೆ ಹೋಗಿ ಕೂರುವುದಿಲ್ಲ. ಎಲ್ಲಿ ಹುಟ್ಟಿತೋ ಆ ಆಸ್ಪತ್ರೆ, ಆ ಲ್ಯಾಬಿನಲ್ಲೇ ಇರುತ್ತೆ. ಇನ್ನೊಬ್ಬ ಡಾಕ್ಟರಿಗೆ ಬೇಕಾದಾಗ ರೋಗಿಯ ಒಪ್ಪಿಗೆ ಕೇಳಿ ತರಿಸಿಕೊಳ್ಳಬೇಕು. ಯೋಜನೆ ಐಚ್ಛಿಕ, ಬಲವಂತ ಇಲ್ಲ.

ಕಾಗದದ ಮೇಲೆ ಚೆನ್ನಾಗಿಯೇ ಇದೆ. ಕೌಂಟರಿನ ಮುಂದೆ ನಿಂತು ನೋಡಿ. 'ಅಜ್ಜಿ, ಒಟಿಪಿ ಬಂತಾ? ಜೋರಾಗಿ ಹೇಳಿ.' ಅಜ್ಜಿಯ ಹತ್ತಿರ ಮೊಬೈಲೇ ಇಲ್ಲ, ನಂಬರು ಮಗನದು, ಮಗ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ. ಫೋನ್ ಮಾಡಿ ಒಟಿಪಿ ಕೇಳಿ, ಹಿಂದೆ ನಿಂತ ಹತ್ತು ಜನರಿಗೆ ಕೇಳುವಂತೆ ಕೂಗಿ ಹೇಳಿದ್ದಾಯಿತು. ಏನಕ್ಕೆ ಒಪ್ಪಿಗೆ ಕೊಟ್ಟಳು ಅಂತ ಅಜ್ಜಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಇದರ ಮೇಲೆ ಬ್ಲಾಕ್‌ಚೈನ್ ತಂದು ಕೂರಿಸಿದರೆ ಏನಾಗುತ್ತೆ? ಅರ್ಥವಾಗದೆ ಕೊಟ್ಟ ಒಪ್ಪಿಗೆ ಅಳಿಸಲಾಗದ ಒಪ್ಪಿಗೆ ಆಗುತ್ತೆ!

ಬ್ಲಾಕ್‌ಚೈನ್ ನಮ್ಮ ರಾಜ್ಯಕ್ಕೆ ಕಾಲಿಟ್ಟೇ ಇಲ್ಲ ಅಂತ ಅಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೊಂದು ಪ್ರತ್ಯೇಕ ಕೇಂದ್ರ ತೆರೆಯಿತು. ಕರ್ನಾಟಕದ ಸರ್ಕಾರಿ ಔಷಧ ಸರಬರಾಜಿನ ಲೆಕ್ಕವನ್ನು ಸರಪಳಿಗೆ ಹಾಕುವ ಕೆಲಸವನ್ನೂ ಅದು ಕೈಗೆತ್ತಿಕೊಂಡಿತು. ಉಗ್ರಾಣದಿಂದ ಹೊರಟ ಮಾತ್ರೆ ಯಾವ ಆಸ್ಪತ್ರೆ ಸೇರಿತು ಅನ್ನುವ ಲೆಕ್ಕ. ಮೊದಲು ಮಾತ್ರೆಯ ಪೆಟ್ಟಿಗೆಗೆ, ಆಮೇಲೆ ಮನುಷ್ಯರ ಕಾಯಿಲೆಗೆ ಅನ್ನುವ ಈ ಕ್ರಮ ಸರಿಯಾದದ್ದೇ. ಪೆಟ್ಟಿಗೆಗೆ ಮಾನ ಹೋಗುವ ಭಯ ಇಲ್ಲ.

ಸದ್ಯಕ್ಕೆ ಪ್ಲಾಸ್ಟಿಕ್ ಚೀಲವನ್ನು ಬಿಸಾಕಬೇಡಿ. ಮತ್ತೆ, ಇದು ಬಹಳ ಜನರಿಗೆ ಗೊತ್ತಿಲ್ಲ: 2002ರಿಂದ ಇರುವ ವೈದ್ಯರ ನಡತೆಯ ನಿಯಮದಲ್ಲಿ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು ಅಂತ ಬರೆದಿದೆ. ರೋಗಿಯಾಗಲಿ, ಆತ ಒಪ್ಪಿಗೆ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಇದೆ. ಇದಕ್ಕೆ ಕಂಪ್ಯೂಟರೂ ಬೇಡ, ಸರಪಳಿಯೂ ಬೇಡ, ಒಂದು ಬಿಳಿ ಹಾಳೆ ಸಾಕು. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆಸ್ಪತ್ರೆಯ ಸೀಲು, ತಾರೀಖು, ಗಂಟೆ ಹಾಕಿಸಿಕೊಂಡೇ ಬನ್ನಿ. ಗಂಟೆ ಹಾಕಿಸಿಕೊಳ್ಳದಿದ್ದರೆ 72 ಯಾವಾಗಿನಿಂದ ಶುರು ಅಂತ ಆಮೇಲೆ ಅವರೂ ಒಪ್ಪೋದಿಲ್ಲ, ನಿಮ್ಮ ಹತ್ತಿರ ತೋರಿಸೋಕೂ ಏನೂ ಇರೋದಿಲ್ಲ.